ಬೆರಳಿನ ಗೋಂದು

ನನ್ನ ಅತ್ತೆ ಬದುಕಿಡೀ ಪುಸ್ತಕ ಬೈಂಡಿಂಗ್ ಮಾಡಿದವರು. ಗಂಡ ತೀರಿಕೊಂಡಾಗ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಒಂದು ಪ್ರೆಸ್ಸಿನ ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ಹರಿದ ಪುಸ್ತಕಗಳ ಬೆನ್ನಿಗೆ ಗೋಂದು ಹಚ್ಚುವುದು, ಬಟ್ಟೆಪಟ್ಟಿ ಅಂಟಿಸುವುದು, ಮೇಲೆ ಭಾರ ಹೇರಿ ಒಣಗಲು ಬಿಡುವುದು. ಅಲ್ಲಿ ಎಲ್ಲರಿಗೂ ಅವರು ಗೋಂದಮ್ಮ. ಹಾಗೆ ಕರೆದರೆ ಅವರಿಗೇನೂ ಬೇಸರವಿರಲಿಲ್ಲ. ಬ್ರಷ್ಷಿಗಿಂತ ಬೆರಳನ್ನೇ ನಂಬಿದ್ದರಿಂದ, ಸಂಜೆ ಮನೆಗೆ ಬರುವಾಗ ಎರಡೂ ಕೈಯ ಬೆರಳುಗಳ ಮೇಲೆ ಗೋಂದು ಒಣಗಿ ತೆಳ್ಳಗೆ ಸಿಪ್ಪೆ ಕಟ್ಟಿರುತ್ತಿತ್ತಂತೆ. ಬಾಗಿಲಲ್ಲೇ ಕೂತು ಕೈ ಚಾಚಿದರೆ ಮಗ ಓಡಿಬಂದು ಒಂದೊಂದೇ ಬೆರಳಿನದು ಬಿಡಿಸಬೇಕು. ಸಿಪ್ಪೆ ಹರಿಯದೆ ಇಡಿಯಾಗಿ ಬಂದರೆ ಅವನು ಗೆದ್ದ ಹಾಗೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡನೇ ಇದನ್ನು ಹೇಳಿದ್ದರು.

ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋದವಳು. ಈ ಮನೆಗೆ ಬಂದ ಮೇಲೆ ನನ್ನ ತಲೆ ಬಾಚಿದವರು, ಜ್ವರ ಬಂದಾಗ ಪಕ್ಕದಲ್ಲಿ ಕೂತವರು ಅತ್ತೆ. ಆದ್ದರಿಂದ ಮುಂದೆ ನಾನು ಮಾಡಿದ್ದಕ್ಕೆ ಯಾರೂ ನನ್ನನ್ನು ಹೊಗಳಬೇಕಾಗಿಲ್ಲ.

ವಯಸ್ಸಾದಂತೆ ಅವರಿಗೆ ಮರೆವಿನ ಕಾಯಿಲೆ ಹತ್ತಿತು. ನನ್ನ ಹೆಸರು ಹೋಯಿತು, ಮಗಳ ಹೆಸರು ಹೋಯಿತು, ಉಂಡದ್ದು ಮರೆತು ಮತ್ತೆ ತಟ್ಟೆ ಮುಂದೆ ಬಂದು ಕೂರತೊಡಗಿದರು. ಅಂಟಿಸುವುದನ್ನು ಮಾತ್ರ ಮರೆಯಲಿಲ್ಲ. ಮನೆಯಲ್ಲಿ ಏನು ಸಡಿಲವಾಗಿ ಕಂಡರೂ ಕೈ ಸುಮ್ಮನಿರದು. ಒಮ್ಮೆ ದಿನಪತ್ರಿಕೆಯನ್ನು ಊಟದ ಮೇಜಿಗೆ ಅಂಟಿಸಿಬಿಟ್ಟರು. ನಾವು ನಕ್ಕು, ಅದು ಕಿತ್ತುಬರುವವರೆಗೂ ಅದೇ ಹಳಸಲು ಸುದ್ದಿ ಓದುತ್ತಾ ಉಂಡೆವು. ಆಮೇಲೊಂದು ದಿನ ಮುಂಬಾಗಿಲ ಚಿಲಕ ಅಲ್ಲಾಡುತ್ತದೆಂದು ಒಳಗಿನಿಂದ ಹಾಕಿಕೊಂಡು ಅದಕ್ಕೆ ಗೋಂದು ತುಂಬಿದರು. ಒಳಗೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ, ಹೊರಗೆ ನಾವು ಬಾಗಿಲು ಬಡಿಯುತ್ತಾ ನಿಂತಿದ್ದೇವೆ. ಕೊನೆಗೆ ಬಾಗಿಲು ಒಡೆಯಬೇಕಾಯಿತು. ಆವತ್ತು ಯಾರೂ ನಗಲಿಲ್ಲ.

ಇನ್ನೊಂದು ಸಲ ಹೀಗಾದರೆ ವೃದ್ಧಾಶ್ರಮಕ್ಕೆ ಬಿಡುವುದೇ ಸರಿ ಎಂದು ನನ್ನ ಗಂಡ ಅಂದರು. ಅವರಕ್ಕ, ಅಂದರೆ ನನ್ನ ಅತ್ತಿಗೆ, ಆಗಲೇ ಜಾಗ ನೋಡಿಟ್ಟಿದ್ದರು. ನಾನೂ ಹೋಗಿ ನೋಡಿ ಬಂದಿದ್ದೆ. ಸಾಲು ಮಂಚ, ಫಿನಾಯಿಲ್ ವಾಸನೆ, ಮಧ್ಯಾಹ್ನದ ಹೊತ್ತಿನಲ್ಲಿ ಗೋಡೆ ನೋಡುತ್ತಾ ಕೂತ ಮುದುಕಿಯರು. ಕೆಟ್ಟ ಜಾಗವೇನಲ್ಲ. ಆದರೂ ಹಿಂತಿರುಗಿ ಬಂದವಳೇ ಮನೆಯಲ್ಲಿದ್ದ ಗೋಂದನ್ನೆಲ್ಲ ಹುಡುಕಿ ಎಸೆದೆ.

ಎಲ್ಲವನ್ನೂ ಎಸೆದಿರಲಿಲ್ಲ ಎಂದು ಗೊತ್ತಾದದ್ದು ಅತ್ತಿಗೆ ಬರಬೇಕಿದ್ದ ದಿನವೇ. ನಾನು ಕೆಲಸ ಮಾಡುವ ದರ್ಜಿ ಅಂಗಡಿಯಿಂದ ಮಧ್ಯಾಹ್ನ ಮನೆಗೆ ಬಂದರೆ, ನಡುಮನೆಯ ಕಾರ್ಪೆಟ್ಟಿನ ನಟ್ಟನಡುವೆ ಅತ್ತೆಯ ರಬ್ಬರ್ ಚಪ್ಪಲಿ ಜೋಡಿಯಾಗಿ ಕೂತಿದೆ. ಸುತ್ತ ತಟ್ಟೆಯಗಲ ಗೋಂದು ಹರಿದು, ಗಾಜಿನಂತೆ ಒಣಗಿ ಗಟ್ಟಿಯಾಗಿದೆ. ಕುರ್ಚಿಯ ಕಾಲು ಸರಿಮಾಡಲೆಂದು ನನ್ನ ಗಂಡ ಎಂದೋ ತಂದು, ಸಿಂಕಿನ ಕೆಳಗೆ ತುರುಕಿ ಮರೆತಿದ್ದ ಬಡಗಿಗಳ ಬಿಳಿ ಗೋಂದು ಅದು. ತಂದವರು ಇವರು, ಮರೆತವರು ಇವರು, ಆಶ್ರಮ ಮಾತ್ರ ಅವರಿಗೆ.

ಅತ್ತೆ ಪಕ್ಕದ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂತಿದ್ದರು. ಇದೇನತ್ತೆ ಅಂದೆ.

"ಭದ್ರವಾಗಿದೆ ನೋಡು," ಅಂದರು. "ಇನ್ನು ನನ್ನ ಎಲ್ಲಿಗೂ ಕರ್ಕೊಂಡು ಹೋಗಕ್ಕಾಗಲ್ಲ."

ಅವರಿಗೇನೂ ಅರ್ಥವಾಗುವುದಿಲ್ಲ ಎಂದುಕೊಂಡು ನಾವು ಅವರೆದುರೇ ಎಲ್ಲ ಮಾತಾಡಿದ್ದೆವು.

ಆ ಕಾರ್ಪೆಟ್ ಕೊಟ್ಟವರೂ ಅತ್ತಿಗೆಯೇ. ತಮಗೆ ಹೊಸದು ಬಂದಾಗ ಹಳೆಯದನ್ನು ನಮಗೆ ದಾನ ಮಾಡಿ, ಬಂದಾಗಲೆಲ್ಲ ತಾಯಿಗಿಂತ ಮೊದಲು ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಅವರು ಬರುವಷ್ಟರಲ್ಲಿ ಅಲ್ಲಿ ಏನೂ ಇರಬಾರದಿತ್ತು.

ಚಪ್ಪಲಿ ಹಿಡಿದು ಎಳೆದೆ. ತಳಕ್ಕೆ ಅಂಟಿದ ಕಾರ್ಪೆಟ್ಟಿನ ಎಳೆಗಳನ್ನೂ ಕಿತ್ತುಕೊಂಡು ಬಂತು. ಗಾಬರಿಯಲ್ಲಿ ಒಣಗೋಂದಿಗೆ ಚಾಕು ಹಾಕಿದೆ. ಮತ್ತಷ್ಟು ಎಳೆ ಕಿತ್ತುಬಂದವು. ಆಗ ನಿಂತು ಉಸಿರು ಬಿಟ್ಟು, ಅಂಗಡಿಯಲ್ಲಿ ಬಟ್ಟೆಗೆ ಮೆತ್ತಿದ ಗೋಂದನ್ನು ಹೇಗೆ ತೆಗೆಯುತ್ತೇವೆಂದು ನೆನಪು ಮಾಡಿಕೊಂಡೆ. ಬಿಸಿನೀರಿಗೆ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಕಲೆಯ ಮೇಲೆ ಹಾಸಿ ಕಾದೆ. ಕಾಯುವುದೇ ಕಷ್ಟ. ಮೆಲ್ಲಗೆ ಅದು ಮತ್ತೆ ಬೆಳ್ಳಗಾಗಿ ಮೆತ್ತಗಾಯಿತು. ಮೊಂಡು ಚಾಕುವಿನಿಂದ ಅಂಚಿನಿಂದ ನಡುವಿಗೆ ಕೆರೆದು, ಬುಡಕ್ಕಿಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಲ್ಲಿ ಒತ್ತಿ ತೆಗೆದೆ. ಮತ್ತೆ ಬಿಸಿಬಟ್ಟೆ, ಮತ್ತೆ ಚಾಕು. ಮಂಡಿ ನೋವಿಗೆ ಕಣ್ಣಲ್ಲಿ ನೀರು ಬಂತು, ನೋವಿಗೆ ಮಾತ್ರವಲ್ಲ. ಅತ್ತೆ ಒಂದೆರಡು ಸಲ, ಒಣಗಿದ್ದನ್ನ ಯಾಕಮ್ಮ ಕೀಳ್ತೀಯ ಎಂದು ಬೇಸರದಿಂದ ಕೇಳಿ, ಕೊನೆಗೆ ಎದ್ದು ಕೋಣೆಗೆ ಹೋದರು. ನಾನು ತಲೆಯೆತ್ತಲಿಲ್ಲ.

ಕಲೆ ಪೂರಾ ಹೋಯಿತು. ಆದರೆ ಆ ಜಾಗ ಎಷ್ಟು ಶುಭ್ರವಾಯಿತೆಂದರೆ, ಸುತ್ತಲಿನ ಕಾರ್ಪೆಟ್ ಎಷ್ಟು ಕೊಳೆಯೆಂದು ಅದೇ ಸಾರಿ ಹೇಳುತ್ತಿತ್ತು. ಟೀಪಾಯಿಯನ್ನು ಎಳೆದು ಮೇಲಿಟ್ಟೆ. ಚಪ್ಪಲಿಯನ್ನು ಕಸದ ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ತರಕಾರಿ ಸಿಪ್ಪೆ ಸುರಿದೆ.

ಸಂಜೆ ಅಕ್ಕ ತಮ್ಮ ಒಟ್ಟಿಗೇ ಬಂದರು. ಇದೇನು ಹುಳಿ ವಾಸನೆ ಎಂದು ಅತ್ತಿಗೆ ಮೂಗು ಸೊಟ್ಟ ಮಾಡಿದರು. ವಿನೆಗರ್ ಬಾಟಲಿ ಒಡೆಯಿತು ಅಂದೆ. ಕಾರ್ಪೆಟ್ ಮೇಲೆ ಕಣ್ಣಾಡಿಸಿ, ಪರವಾಗಿಲ್ಲ, ಚೆನ್ನಾಗೇ ಇಟ್ಟುಕೊಂಡಿದ್ದೀರಿ ಅಂದರು. ನಾನು ಚಹಾ ಕೊಟ್ಟೆ. ಗೆದ್ದೆ ಅನ್ನಿಸಿತು. ಅಮ್ಮ ಈಚೆಗೆ ಸುಧಾರಿಸಿದ್ದಾರೆ ಎಂದು ನನ್ನ ಗಂಡ ಅಕ್ಕನಿಗೆ ಹೇಳುತ್ತಿದ್ದರು. ಆ ದನಿಯಲ್ಲಿ ಆಸೆಯಿತ್ತು. ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಅತ್ತಿಗೆಯೂ ಒಪ್ಪಿದರು.

ಆಗ ಅತ್ತೆ ಕೋಣೆಯಿಂದ ಬಂದು ಮಗನ ಪಕ್ಕ ಕೂತರು. ಕೂತು, ಎಂದಿನ ಅಭ್ಯಾಸವೆಂಬಂತೆ, ಕೈ ಚಾಚಿದರು.

ನನ್ನ ಗಂಡ ಮಾತಾಡುತ್ತಲೇ, ನೋಡದೆಯೇ ಆ ಕೈ ಹಿಡಿದುಕೊಂಡರು. ಹೆಬ್ಬೆರಳಿನ ತುದಿಯಲ್ಲಿ ಉಗುರು ಆಡಿಸಿದರು. ಸಿಪ್ಪೆ ಇಡಿಯಾಗಿ ಬಂತು. ಅದನ್ನು ಬೆಳಕಿಗೆ ಹಿಡಿದು, ಗೆದ್ದ ಹುಡುಗನ ಹಾಗೆ ನಕ್ಕರು. ನಗು ಅಲ್ಲೇ ನಿಂತಿತು.

ಕಾರ್ಪೆಟ್ಟಿನ ಒಂದೊಂದು ಎಳೆಯನ್ನೂ ತಿಕ್ಕಿದ್ದ ನಾನು ಆ ಬೆರಳುಗಳನ್ನು ನೋಡಿರಲೇ ಇಲ್ಲ. ನನ್ನ ಗಂಡ ಮೊದಲು ನನ್ನ ಕಡೆ ನೋಡಿದರು, ಆಮೇಲೆ ಟೀಪಾಯಿಯ ಕಡೆ, ಆಮೇಲೆ ತಾಯಿಯ ಬರಿಗಾಲಿನ ಕಡೆ. ಅವರು ಆ ಕೈಯ ಉಳಿದ ಬೆರಳುಗಳದ್ದನ್ನೂ ಬಿಡಿಸಿದರು. ತಲೆಯೆತ್ತದೆ, "ಅಕ್ಕ, ನಾಳೆ ಅಲ್ಲಿಗೆ ಫೋನ್ ಮಾಡು," ಅಂದರು.

ಅತ್ತೆ ಇನ್ನೊಂದು ಕೈ ಚಾಚಿದರು. "ಇದು ಹಾಗೇ ಉಳೀತಲ್ಲೋ."

ಅದನ್ನೂ ಬಿಡಿಸಿದರು.

ಆಶ್ರಮದಲ್ಲಿ ಅತ್ತೆ ಬಹಳ ಕಾಲ ಇರಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಹೋದರು. ಅಲ್ಲಿ ಗೋಂದು ಎಲ್ಲಿಂದ ಸಿಗಬೇಕು? ಆದರೂ ನಾವು ಹೋದಾಗಲೆಲ್ಲ, ಮಗನೆಂದು ಗುರುತು ಸಿಕ್ಕಿತೋ ಇಲ್ಲವೋ, ಮಂಚದ ಅಂಚಿಗೆ ಬಂದು ಎರಡೂ ಕೈ ಚಾಚುತ್ತಿದ್ದರು. ತೊಳೆದ ಬೆರಳುಗಳು, ಕತ್ತರಿಸಿದ ಉಗುರುಗಳು. ನನ್ನ ಗಂಡ ಎದುರಿಗೆ ಕೂತು, ಏನೂ ಇಲ್ಲದ ಆ ಬೆರಳುಗಳಿಂದ ಒಂದೊಂದಾಗಿ ಸಿಪ್ಪೆ ಬಿಡಿಸುತ್ತಿದ್ದರು.