ಮೂವತ್ತೈದು ದಾಟದ ಮುಳ್ಳು

ಗದಗ ಆಗಷ್ಟೇ ಜಿಲ್ಲೆಯಾಗಿದ್ದ ದಿನಗಳವು. ಅಲ್ಲಿತನಕ ಒಂದು ಸಣ್ಣ ಕಾಗದಕ್ಕೂ ಧಾರವಾಡದ ಬಸ್ಸು ಹತ್ತಬೇಕಿದ್ದ ನಮ್ಮ ಲಕ್ಷ್ಮೇಶ್ವರದ ಮಂದಿ ಚಹಾದಂಗಡಿಯಲ್ಲಿ ಕೂತು ಅದೇ ಮಾತು ಆಡುತ್ತಿದ್ದರು. ಹೊಸ ಜಿಲ್ಲೆ ಬಂದರೆ ಹೊಸ ಕಚೇರಿಗಳು ಬರುತ್ತವೆ, ಕಚೇರಿಗಳಿಗೆ ದಫ್ತರ ಇಡಲು ತಗಡಿನ ಪೆಟ್ಟಿಗೆಗಳು ಬೇಕಾಗುತ್ತವೆ. ಹಾಗಾಗಿ ನನ್ನ ಅಬ್ಬಾನಿಗೆ ಗದಗದಲ್ಲಿ ಕೆಲಸ ಸಿಕ್ಕಿತು. ನಾನು ತಗಡಿನ ಡಬ್ಬಿಯೊಂದರಲ್ಲಿ ಸಿಕ್ಕಿಬಿದ್ದೆ.

ಅಬ್ಬಾ ಟ್ರಂಕು ಮಾಡುತ್ತಿದ್ದ. ಬಜಾರದ ಸಾಲಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಮದುವೆಯ ಹಂಗಾಮಿನಲ್ಲಿ ಮದುಮಗಳ ಟ್ರಂಕು, ಸುಗ್ಗಿಯಲ್ಲಿ ಕಾಳು ತುಂಬುವ ಡಬ್ಬಿ. ಕತ್ತರಿಸಿದ ತಗಡಿನ ವಾಸನೆ, ಹಸಿ ಬಣ್ಣದ ವಾಸನೆ ಅವನ ಅಂಗಿಯಿಂದ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಗದಗದ ಕೆಲಸ ಗಟ್ಟಿಯಾದೊಡನೆ ಅವನು ನನ್ನನ್ನೂ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಎಂಟನೇ ಇಯತ್ತೆಗೆ ಸೇರಿಸಿಬಿಟ್ಟ. ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಲಕ್ಷ್ಮೇಶ್ವರದ ಶಾಲೆಯೇ ಬೇಕಿತ್ತು. ಅಲ್ಲಿ ನನ್ನ ಗೆಳತಿ ಗಿರಿಜಾ ಇದ್ದಳು, ಐದು ಕಲ್ಲಿನ ಆಟವಿತ್ತು, ಗೇಟಿನ ಹೊರಗೆ ಉಪ್ಪು-ಖಾರ ಸವರಿದ ಹುಣಸೆಕಾಯಿ ಇತ್ತು.

ಬೆಳಗಿನ ಬಸ್ಸಿನ ಬಾಗಿಲಿಗೆ ದಿನಾ ಮಂದಿ ಜೋತುಬಿದ್ದಿರುತ್ತಿದ್ದರು. ಅಬ್ಬಾನ ಹತ್ತಿರ ಹಳೆಯದೊಂದು ಫಟಫಟಿ ಮೋಟಾರ್‌ಸೈಕಲ್ಲು ಇತ್ತು. ಆದರೆ ಅಮ್ಮಿ ಒಪ್ಪಲಿಲ್ಲ.

"ದೊಡ್ಡಾಕಿ ಆಗಾಕತ್ತಾಳ. ಅಷ್ಟು ದೂರ ಫಟಫಟಿ ಹಿಂದ ಕುಂದರಿಸ್ಕೊಂಡು ಹೋಗತೀರಿ? ನಿದ್ದಿ ಹತ್ತಿ ಬಿದ್ದಳಂದ್ರ?"

ಅಬ್ಬಾ ಗುಜರಿಯಿಂದ ಒಂದು ಸೈಡ್‌ಕಾರಿನ ಚೌಕಟ್ಟು ತಂದ. ಅದಕ್ಕೆ ಗಾಲಿ, ಚೌಕಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಮೈಯನ್ನು ತಾನೇ ಬಡಿದು ಕೂಡಿಸಿದ. ಟ್ರಂಕು ಮಾಡುವವನು ಮಾಡಿದ್ದು, ಟ್ರಂಕಿನ ಹಾಗೇ ಆಯಿತು. ನಾಲ್ಕೂ ಕಡೆ ಎತ್ತರದ ದಪ್ಪ ತಗಡು, ಹಸಿರು ಬಣ್ಣ, ಮೇಲೊಂದು ತಾಡಪತ್ರಿ ಬಟ್ಟೆಯ ಮುಚ್ಚಳ, ಹೊರಗಿನಿಂದ ಹಾಕುವ ಚಿಲಕ. ನಾನು ಒಳಗೆ ಕೂತ ಮೇಲೆ ಅಬ್ಬಾ ಆ ಚಿಲಕ ಹಾಕುತ್ತಿದ್ದ. ಓಣಿಯ ಹುಡುಗರು, "ಟ್ರಂಕು ಹೊಂಟ್ತಲೇ, ಟ್ರಂಕು!" ಎಂದು ಕೂಗುತ್ತಾ ಹಿಂದೆ ಓಡಿಬರುತ್ತಿದ್ದರು.

ಒಳಗೆ ಕೂತರೆ ತಾಡಪತ್ರಿಯ ಸಂದಿಯಿಂದ ಕಾಣುತ್ತಿದ್ದದ್ದು ಎರಡೇ. ಬಲಕ್ಕೆ ಅಬ್ಬಾನ ಮೊಣಕಾಲು, ಮೇಲೆ ಒಂದು ತುಂಡು ಆಕಾಶ. ಊರು ಯಾವುದು ಬಂತೆಂದು ವಾಸನೆಯಿಂದ ತಿಳಿಯಬೇಕಿತ್ತು. ದಾರಿಯಲ್ಲಿ ಮಾಗಡಿ ಕೆರೆ ಹತ್ತಿರವಾದರೆ ತಂಪು ಕೆಸರಿನ ವಾಸನೆ. ಚಳಿಗಾಲಕ್ಕೆ ದೂರದೇಶದಿಂದ ಬಂದ ಬಾತುಗಳ ಗದ್ದಲ ಕಿವಿಗೆ ಬೀಳುತ್ತಿತ್ತು, ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿಯುತ್ತಿತ್ತು. ತಗಡಿನ ಸಪ್ಪಳದಲ್ಲಿ ನಾನು ಕೂಗಿದರೆ ಅಬ್ಬಾನಿಗೆ ಕೇಳುತ್ತಲೂ ಇರಲಿಲ್ಲ.

ಇಷ್ಟೆಲ್ಲ ಮಾಡಿಯೂ ನಾವು ದಿನಾ ತಡವಾಗಿಯೇ ಮುಟ್ಟುತ್ತಿದ್ದೆವು. ಸೈಡ್‌ಕಾರು ಕಟ್ಟಿದ ಮೇಲೆ ಫಟಫಟಿಯ ವೇಗದ ಮುಳ್ಳು ಮೂವತ್ತೈದು ದಾಟುತ್ತಲೇ ಇರಲಿಲ್ಲ. ಏರು ಬಂದರೆ ಇಪ್ಪತ್ತಕ್ಕೆ ಇಳಿಯುತ್ತಿತ್ತು. ಇನ್ನೂ ಮುಂಚೆ ಹೊರಡೋಣವೆಂದರೆ ಮನೆಯಲ್ಲಿ ಲಕ್ವಾ ಹೊಡೆದು ಮಲಗಿದ್ದ ಅಜ್ಜಿ. ಆಕೆಯನ್ನು ಎತ್ತಿ, ಮೈ ತೊಳೆದು, ಉಣಿಸುವುದು ಅಮ್ಮಿ ಒಬ್ಬಳಿಂದ ಆಗದ ಕೆಲಸ. ಅಬ್ಬಾ ಅದನ್ನು ಮುಗಿಸಿಯೇ ಹೊರಡಬೇಕು. ಶಾಲೆಯಲ್ಲಿ ಪ್ರಾರ್ಥನೆಯ ಗಂಟೆಗೆ ಗೇಟು ಹಾಕುತ್ತಿದ್ದರು. ಮೊದಲನೇ ಪಿರಿಯಡ್ಡು ಮುಗಿಯುವತನಕ ನಾನು ಹೊರಗೆ ನಿಲ್ಲಬೇಕಿತ್ತು. ಆಮೇಲೆ ತಲೆ ತಗ್ಗಿಸಿ ಹಿಂದಿನ ಬೆಂಚಿಗೆ ಹೋಗಿ ಕೂರುವುದು. ಸಂಜೆ ಗಂಟೆ ಹೊಡೆದೊಡನೆ ಮತ್ತೆ ಡಬ್ಬಿ. ನನ್ನ ಹೆಸರು ಆ ವರ್ಗದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ಶಾಲೆಯ ಮುಖ್ಯಸ್ಥೆ ದೊಡ್ಡ ಅಕ್ಕೋರು ಅಬ್ಬಾನನ್ನು ಕರೆಸಿದರು.

"ಹಿಂಗಾದ್ರ ಸಂಕ್ರಾಂತಿ ಮುಗಿದ ಮ್ಯಾಲೆ ಹೆಸರು ತಗೀಬೇಕಾಗತೈತ್ರಿ. ಉಳದ ಮಕ್ಕಳೂ ಅದನ್ನ ಕಲೀತಾರ."

ಅಬ್ಬಾ ಕೈಜೋಡಿಸಿ, "ಅಷ್ಟ್ರಾಗ ಗಾಡಿ ರಿಪೇರಿ ಮಾಡಸ್ತೇನ್ರಿ" ಎಂದ. ಪಕ್ಕದಲ್ಲಿ ನಿಂತಿದ್ದ ನನಗೆ ಒಳಗೊಳಗೇ ಖುಷಿ. ಹೆಸರು ತೆಗೆದರೆ ನಾನು ಮರಳಿ ಗಿರಿಜಾಳ ಬೆಂಚಿಗೆ!

ಆವತ್ತಿನಿಂದ ಅಬ್ಬಾ ಮತ್ತು ನಮ್ಮ ಓಣಿಯ ಮೆಕ್ಯಾನಿಕ್ಕು ಮಾದೇವಪ್ಪ ಕಾಕಾ ಸೇರಿ ಆ ಗಾಡಿಯ ಬೆನ್ನು ಹತ್ತಿದರು. ಮೊದಲು ಹಿಂದಿನ ಗಾಲಿಯ ಚೈನಿನ ಚಕ್ರ ತೆಗೆದು ಕಡಿಮೆ ಹಲ್ಲಿನದು ಹಾಕಿದರು. ಸಪಾಟು ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡಿತು, ಮೊದಲ ಏರಿಗೇ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. "ಓಡೂ ಶಕ್ತಿ ಕೊಟ್ರ ಎಳಿಯೂ ಶಕ್ತಿ ಹೋತು" ಎಂದು ಕಾಕಾ ಹಳೆಯದನ್ನೇ ಕೂಡಿಸಿದ. ಕಾರ್ಬೊರೇಟರ್ ಬಿಚ್ಚಿ ತೊಳೆದರು. ಗಾಲಿಗೆ ಹವಾ ಹೆಚ್ಚಿಸಿದರು. ಮುಳ್ಳು ಅಲ್ಲಿಯೇ.

ನಾನೂ ಸುಮ್ಮನಿರಲಿಲ್ಲ. ಓಣಿಯ ತುದಿಯಲ್ಲಿ ಯಾರೋ ಮನೆ ಕಟ್ಟಲು ಕಲ್ಲು ಒಟ್ಟಿದ್ದರು. ಎರಡು ಮೂರು ದಿನಕ್ಕೊಂದು ಕಲ್ಲು ದುಪ್ಪಟ್ಟಾದಲ್ಲಿ ಸುತ್ತಿ ತಂದು ನನ್ನ ಸೀಟಿನ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದೆ. ಮೇಲೆ ಗೋಣಿತಟ್ಟು ಹಾಸಿ, ಅದರ ಮೇಲೆ ರೊಟ್ಟಿಯ ಡಬ್ಬಿ. ಏರಿನಲ್ಲಿ ಎಂಜಿನ್ನು ಮೊದಲಿಗಿಂತ ಹೆಚ್ಚು ಏದುಸಿರು ಬಿಟ್ಟಾಗ ಒಳಗೆ ಕೂತು ನಗುತ್ತಿದ್ದೆ. ಅಬ್ಬಾ ಇಳಿದು ಗಾಡಿ ನೂಕಿ, ಚಿಲಕ ತೆಗೆದು ನನ್ನನ್ನೂ ಇಳಿಸಿ, ಎಂಜಿನ್ನು ಆರುವತನಕ ರಸ್ತೆಯ ಬದಿಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಚಳಿಗಾಲದ ಬೆಳಗಿನಲ್ಲಿ ಬೆವರು. ಅದು ಮಾತ್ರ ನೋಡಲಾಗುತ್ತಿರಲಿಲ್ಲ. ನಾನು ಮುಖ ತಿರುಗಿಸುತ್ತಿದ್ದೆ.

ಸಂಕ್ರಾಂತಿಗೆ ಹತ್ತು ದಿನ ಇರುವಾಗ ಒಂದು ಆದಿತ್ಯವಾರ ಮಾದೇವಪ್ಪ ಕಾಕಾ ಸೈಡ್‌ಕಾರಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟೈರಿನ ಮೇಲೆ ಕೈಯಾಡಿಸಿ ಅಬ್ಬಾನನ್ನು ಕರೆದ.

"ಹುಸೇನಾ, ಇಲ್ನೋಡು. ಟೈರು ಒಂದ ಮಗ್ಗಲಾ ಸವದೈತಿ."

ಎರಡು ಉದ್ದನೆಯ ಹಲಗೆ ತಂದು, ಒಂದನ್ನು ಫಟಫಟಿಯ ಗಾಲಿಗಳಿಗೆ, ಇನ್ನೊಂದನ್ನು ಸೈಡ್‌ಕಾರಿನ ಗಾಲಿಗೆ ಆನಿಸಿ, ನಡುವಿನ ಅಂತರವನ್ನು ಹಿಂದೆ ಮುಂದೆ ಅಳೆದರು. ಹಿಂದೆ ಅಗಲ, ಮುಂದೆ ಬಹಳ ಕಡಿಮೆ. ಆ ಗಾಲಿ ಅತಿಯಾಗಿ ಒಳಮುಖವಾಗಿತ್ತು. ಇಷ್ಟು ದಿನ ಅದು ಉರುಳಿದ್ದಕ್ಕಿಂತ ರಸ್ತೆಗೆ ಉಜ್ಜಿಕೊಂಡು ಬಂದದ್ದೇ ಹೆಚ್ಚು.

"ಮೂರು ಗಾಲಿ ಮೂರು ಕಡೆ ಹೊಂಟ್ರ ಎಲ್ಲಿ ಓಡತೈತಿ? ಸೀಟು ತಗಿ, ಬೋಲ್ಟು ಸಡಲ ಮಾಡೂನು."

ಸೀಟು ತೆಗೆಯುವುದೆಂದಾಗ ನಾನು ತಡೆಯಲು ಓಡಿದೆ. ಅಷ್ಟರಲ್ಲಿ ಅಬ್ಬಾ ಗೋಣಿತಟ್ಟು ಎತ್ತಿಯಾಗಿತ್ತು.

ಅವನು ಒಂದೊಂದೇ ಕಲ್ಲು ಹೊರಗೆ ತೆಗೆದು ನೆಲದ ಮೇಲಿಟ್ಟ. ಮಾದೇವಪ್ಪ ಕಾಕಾ ಬೀಡಿ ಹಚ್ಚುವ ನೆವದಿಂದ ಆಚೆ ಹೋದ. ಅಮ್ಮಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಅಪ್ಪ ಎದಿ ಒಡಕೊಂಡು ದುಡಿಯಾಕತ್ತಾನ, ನೀ ಕಲ್ಲು ಹೇರತಿಯೇನ?" ಅಬ್ಬಾ ಅವಳ ಕೈ ಹಿಡಿದ.

"ತಡಿ. ಯಾಕ ಬೇಟಾ?"

"ನನಗ ಅಲ್ಲಿ ಯಾರೂ ಮಾತಾಡಸಂಗಿಲ್ಲ ಅಬ್ಬಾ," ಎಂದೆ. ಅಳು ಬಂದುಬಿಟ್ಟಿತು. "ಈ ಡಬ್ಬಿಯೊಳಗ ಏನೂ ಕಾಣಂಗಿಲ್ಲ. ಚಿಲಕಾ ಹಾಕಿದ್ರ ಉಸರ ಹಿಡದಂಗ ಆಗತೈತಿ. ಕೂಗಿದ್ರ ನಿನಗ ಕೇಳಸಂಗಿಲ್ಲ."

ಅಬ್ಬಾ ಪಾನಾ ಹಿಡಿದು ಬೋಲ್ಟು ಸಡಿಲಿಸತೊಡಗಿದ. ಗಾಲಿ ನೆಟ್ಟಗಾದ ಮೇಲೆ ಗಾಡಿಯ ಕೀಲಿ ಮಾದೇವಪ್ಪ ಕಾಕಾನ ಕೈಗೆ ಕೊಟ್ಟ. ತಾನು ಆ ಡಬ್ಬಿಯೊಳಗೆ ಇಳಿದ. ಆರಡಿ ಆಳು, ಮೊಣಕಾಲು ಗದ್ದಕ್ಕೆ ಮುಟ್ಟಿದವು.

"ಚಿಲಕಾ ಹಾಕು," ಎಂದ ನನಗೆ.

"ಬ್ಯಾಡ ಅಬ್ಬಾ."

"ಹಾಕ ಅಂದ್ನಿ."

ಹಾಕಿದೆ. ಗಾಡಿ ಮಾಗಡಿ ಕಡೆ ಹೋಯಿತು. ಮರಳಿ ಬಂದಾಗ ಅಬ್ಬಾನ ಮುಖ ಬಿಳಿಚಿಕೊಂಡಿತ್ತು. ಇಳಿದು ಕಾಲು ಕೊಡವಿಕೊಳ್ಳುತ್ತಾ ಬಹಳ ಹೊತ್ತು ನಿಂತ. ಆಮೇಲೆ ಅಮ್ಮಿಗೆ ಹೇಳಿದ: "ಬೀಳಬಾರದಂತ ಎತ್ತರ ಮಾಡಿದ್ನಿ. ಒಳಗ ಕುಂತ್ರ ಗೋರಿಯೊಳಗ ಕುಂತಂಗ ಆಗತೈತಿ. ಆರು ತಿಂಗಳಾತು, ಕೂಸು ಹಂಗ ಕುಂತಾಳ."

ಅಂಗಡಿಯಿಂದ ತಗಡಿನ ಕತ್ತರಿ ತಂದ. ನನ್ನನ್ನು ಒಳಗೆ ಕೂರಿಸಿ, ಭುಜದ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಗೆರೆಯ ಮೇಲಿನದೆಲ್ಲ ಕತ್ತರಿಸಿ, ಅಂಚು ಮಡಚಿ ಬಡಿದ. ಮುಂಭಾಗದ ಚೌಕ ಮೂಲೆಗಳನ್ನು ಗಾಳಿ ಸರಿದು ಹೋಗುವ ಹಾಗೆ ದುಂಡಗೆ ಬಗ್ಗಿಸಿದ. ತಾಡಪತ್ರಿ ಹೋಯಿತು, ಚಿಲಕ ಹೋಯಿತು. "ಭಾಳ ಹಗರಾತು, ಎಡಕ್ಕ ಹೊಳ್ಳಿಸೂವಾಗ ಈ ಗಾಲಿ ಎದ್ದೀತು" ಎಂದು ಕಾಕಾ ನನ್ನ ಕಲ್ಲುಗಳಲ್ಲೇ ಎರಡನ್ನು ಹೊರಗಿನ ಗಾಲಿಯ ಬದಿಗೆ ಕಟ್ಟಿದ. "ನಿನ್ನ ಕಲ್ಲು ಪುಕ್ಕಟೆ ಹೋಗಲಿಲ್ಲ ನೋಡವಾ" ಎಂದು ನಕ್ಕ. ನನಗೆ ನಗಲಾಗಲಿಲ್ಲ.

ಮರುದಿನ ಮುಳ್ಳು ನಲವತ್ತೆಂಟಕ್ಕೆ ಬಂದು ನಿಂತಿತು. ಅಬ್ಬಾ ಎಲ್ಲಿಯೂ ಇಳಿಯಲಿಲ್ಲ. ಎರಡೂ ಬದಿಗೆ ಕಡಲೆ ಹೊಲ, ಬಿಳಿಜೋಳದ ತೆನೆ. ಮಾಗಡಿ ಕೆರೆಯ ತುಂಬ ಹಕ್ಕಿಗಳು, ಇಷ್ಟು ದಿನ ಬರೀ ಕೂಗಾಗಿದ್ದವು. ಗದಗಕ್ಕೆ ಬಂದಾಗ ಗೇಟು ತೆರೆದೇ ಇತ್ತು. ಗಂಟೆಗೆ ಇನ್ನೂ ಹದಿನೈದು ನಿಮಿಷ.

ಆ ಹದಿನೈದು ನಿಮಿಷ ಏನು ಮಾಡುವುದೆಂದು ತಿಳಿಯದೆ ಗೋಡೆಗೆ ಆತು ನಿಂತಿದ್ದೆ. ನಮ್ಮ ವರ್ಗದ ಹುಡುಗಿಯೊಬ್ಬಳು ಬಂದಳು. ಬೆಟಗೇರಿಯ ನೇಕಾರರ ಮಗಳು, ಸುಮಿತ್ರಾ. "ನೀ ದಿನಾ ಹೊರಗ ನಿಂದರತಿದ್ದಿ ಅಲ್ಲ? ನಿನ್ನ ಹೆಸರೇನ?" ಎಂದು ಕೇಳಿ, ಅಂಗೈಯಲ್ಲಿದ್ದ ಹಸಿ ಕಡಲೆಯ ಸುಲಗಾಯಿಯಲ್ಲಿ ಅರ್ಧ ನನಗೆ ಕೊಟ್ಟಳು.

"ರೇಷ್ಮಾ," ಎಂದೆ.

ಆಮೇಲೆ ಬೆಳಗಾದರೆ ನಾನೇ ಅಬ್ಬಾನಿಗೆ ಅವಸರ ಮಾಡತೊಡಗಿದೆ. ಆದರೆ ಮಾರ್ಚಿನ ಹೊತ್ತಿಗೆ ಕಚೇರಿಗಳಿಗೆ ಹೊರಗಿನಿಂದ ಸಿದ್ಧ ಕಪಾಟುಗಳು ಬಂದು ಇಳಿದವು. ಅಬ್ಬಾನ ಕೆಲಸ ನಿಂತಿತು. ಪರೀಕ್ಷೆ ಮುಗಿದ ದಿನವೇ ನನ್ನ ವರ್ಗಾವಣೆಯ ದಾಖಲೆಯನ್ನೂ ತೆಗೆಸಿಕೊಂಡ. ನಾನು ಕೇಳಿಕೊಂಡಿದ್ದು ಹಾಗೆ ನನಗೆ ಸಿಕ್ಕಿತು. ಲಕ್ಷ್ಮೇಶ್ವರದ ಶಾಲೆಯಲ್ಲಿ ಗಿರಿಜಾಳ ಪಕ್ಕ ಬೇರೆಯವಳು ಕೂತಿದ್ದಳು.

ಈಗ ನಾನು ಮುಂಡರಗಿಯ ಶಾಲೆಯಲ್ಲಿ ಕಲಿಸುತ್ತೇನೆ. ಗದಗದ ರಸ್ತೆ ಅಗಲವಾಗಿದೆ, ಕಾರಿನ ಮುಳ್ಳು ಎಂಬತ್ತಕ್ಕೆ ತಾನಾಗಿ ಏರುತ್ತದೆ. ಅಬ್ಬಾ ತೀರಿಕೊಂಡ. ಒಮ್ಮೆ ಬೆಟಗೇರಿಗೆ ಹೋಗಿ ಸುಮಿತ್ರಾಳ ಮನೆ ಕೇಳಿದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕಿ, "ಯಾವ ಸುಮಿತ್ರಾ? ಮಗ್ಗ ಕಿತ್ತಿ ಊರು ಬಿಟ್ಟು ಹ್ವಾದವರು ಒಬ್ರ ಇಬ್ರ ಏನವಾ?" ಎಂದಳು. ಅವಳ ಮನೆತನದ ಅಡ್ಡಹೆಸರು ಹೇಳೋಣವೆಂದರೆ ನನಗೇ ಗೊತ್ತಿರಲಿಲ್ಲ. ಕೇಳುವಷ್ಟು ದಿನ ನಾವು ಕೂಡಿ ಇರಲಿಲ್ಲ.