ಮರೆವ್ವನ ಒಣ ದೋಣಿ

ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಒಂದು ಊರಲ್ಲಿ ಅಂದಪ್ಪ ಅಂಬಿಗೇರ ಇಪ್ಪತ್ತೆರಡು ವರ್ಷ ದೋಣಿ ನಡೆಸಿದ. ಅವನು ಹಾಯಿ ಬಿಚ್ಚಿದನೆಂದರೆ ಪಡುವಣ ಗಾಳಿ ಮನೆಯಾಳಿನ ಹಾಗೆ ಹೇಳಿದ ಮಾತು ಕೇಳುತ್ತಿತ್ತು. ಅಂಥವನಿಗೆ ೧೯೭೭ರ ಯುಗಾದಿಯ ಮರುದಿನ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಬಾಯಿ ಹೋದವು. ದಂಡೆಯ ಮೇಲೆ ಮುದಿ ದೋಣಿ ಬೋರಲು ಬಿದ್ದಿತ್ತು, ಮನೆಯೊಳಗೆ ಇವನು ಅಂಗಾತ ಬಿದ್ದಿದ್ದ.

ಊರ ಹಿರಿಯ ಈರಪ್ಪ ಬಂದು ನೋಡಿದ, ಲೊಚಗುಟ್ಟಿದ, ಹೋಗುವಾಗ ಅಂದಪ್ಪನ ಹೆಂಡತಿ ಮರೆವ್ವನಿಗೆ ಹೇಳಿಯೇ ಹೋದ: "ಮಳಿಗಾಲಕ್ಕ ಹೊಳಿ ತುಂಬಿ ಬರೂದ್ರೊಳಗ ದೋಣಿ ತಯಾರಾಗಲಿಲ್ಲಂದ್ರ ಮಂದಿ ದಾಟ್ಸೂ ಕೆಲಸಾ ಆಚಿ ದಂಡಿಯವ್ರಿಗೆ ಕೊಡಬೇಕಾಕ್ಕೈತಿ ನೋಡವ್ವ."

"ನಾ ಮಾಡ್ತೇನಿ ತಗೋರಿ," ಎಂದುಬಿಟ್ಟಳು ಮರೆವ್ವ. ಅಂದ ಮೇಲೆ ಯೋಚಿಸಿದಳು. ಹುಟ್ಟು ಹಾಕಿ ಗೊತ್ತು, ಚುಕ್ಕಾಣಿ ಹಿಡಿದು ಗೊತ್ತು. ಉಳಿ ಸುತ್ತಿಗೆ ಮುಟ್ಟಿದವಳಲ್ಲ.

ಆದರೂ ಕೂತಳು. ಕೊಳೆತ ಹಲಗೆಯೊಂದನ್ನು ಕಿತ್ತು ಮುರುಕು ಬಂಡಿಯ ಜಾಲಿ ಹಲಗೆ ಜಡಿದಳು. ಹರಿದ ಹಾಯಿಯನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಇಳಕಲ್ಲಿಗೆ ಹೋಗಿ, ಲಾರಿಯ ತಾಡಪತ್ರಿ ಹೊಲಿಯುವ ಖಾಸಿಂಸಾಬನ ಕೈಲಿ ತೇಪೆ ಹಚ್ಚಿಸಿದಳು. ಹಾಯಿ ಏರಿಸುವುದಕ್ಕೆ ಇಬ್ಬರು ಗಂಡಸರು ಬೇಕಿತ್ತು. ಇವಳು ಬತ್ತಿದ ಬಾವಿಯ ಗಡಗಡಿ ಬಿಚ್ಚಿ ತಂದು ಹಾಯಿಗಂಬದ ತುದಿಗೆ ಕಟ್ಟಿದಳು; ಕೊಡ ಸೇದಿದ ಹಾಗೆ ಹಗ್ಗ ಜಗ್ಗಿದರೆ ಹಾಯಿ ತಾನೇ ಮೇಲೇರಿತು. ಅಬ್ಬಾ, ಆ ಒಂದು ದಿನ ಅವಳು ನಕ್ಕಳು.

ಉಳಿದದ್ದು ಸಂದುಗಳು. ಬೇಸಿಗೆಯ ಬಿಸಿಲಿಗೆ ಹಲಗೆಗಳು ಒಣಗಿ, ನಡುವೆ ಕಿರುಬೆರಳು ಹೋಗುತ್ತಿತ್ತು. ಎರಡು ದಿನ ಕೂತು ಡಾಂಬರಿನಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ಬಿಗಿದು ಬಿಗಿದು ತುಂಬಿದಳು. ಪ್ರತಿ ಏಟಿಗೂ ಒಂದೇ ಚಿಂತೆ: ನಡುಹೊಳೆಯಲ್ಲಿ ಇದು ಬಿಚ್ಚಿದರೆ? ದೋಣಿಯ ಮೊದಲ ಖೇಪಿಗೆ ಹೊಳೆ ದಾಟಲು ಹತ್ತು ಮಂದಿ ಬರುವವರಿದ್ದರು. ಅವರಲ್ಲಿ ಈರಪ್ಪನ ಬಾಣಂತಿ ಮಗಳು, ಅವಳ ಐದು ತಿಂಗಳ ಕೂಸು. ಅದು ನೆನಪಾದಾಗೆಲ್ಲ ಇನ್ನೊಂದು ಹಿಡಿ ಹತ್ತಿ ತುರುಕುತ್ತಿದ್ದಳು.

ಇತ್ತ ಮನೆಯಲ್ಲಿ ಅಂದಪ್ಪನದು ಬೇರೆಯೇ ಕಾಟ. ಸುತ್ತಿಗೆಯ ಸಪ್ಪಳ ಕೇಳಿದರೆ ಸಾಕು, "ನೀ...ರು" ಅನ್ನುವನು. ಗುಳಿಗೆಗೆ ಬಾಯಿ ಒಣಗುತ್ತದೆ, ನೀರು ಕೊಡುತ್ತಿರು ಎಂದು ಬಾಗಲಕೋಟೆಯ ದವಾಖಾನೆಯಲ್ಲಿ ಹೇಳಿದ್ದರು. ಓಡಿ ಬಂದು ಚರಿಗೆ ಹಿಡಿಯುತ್ತಿದ್ದಳು. ಒಂದು ಗುಟುಕು ಕುಡಿದು ಮತ್ತೆ "ನೀರು" ಅನ್ನುವನು. ಆಮೇಲಾಮೇಲೆ ತುಟಿ ಬಿಗಿಹಿಡಿದು ಎದೆಯ ಮೇಲೆಲ್ಲ ಚೆಲ್ಲಿಸಿಕೊಳ್ಳತೊಡಗಿದ.

"ಬ್ಯಾಡಾದ್ರ ಯಾಕ ಕೇಳ್ತೀರಿ? ನನ್ನ ಜೀವಾ ತಿನ್ನಾಕ ಹುಟ್ಟೀರೇನ?" ಎಂದು ಒಮ್ಮೆ ಗದರಿದಳು. ಗದರಿ, ಒಲೆಯ ಮುಂದೆ ಕೂತು ಅತ್ತಳು.

ಭಾನುವಾರ ಹೊಳೆ ಬಂತು. ಮರುದಿನವೇ ಮೊದಲ ಖೇಪು. ಆ ಭಾನುವಾರ ಅಂದಪ್ಪ ಎಡಗೈಯಿಂದ ಗೋಡೆ ಗುದ್ದಿ ಗುದ್ದಿ ರಂಪ ಮಾಡಿದ. ಕೊನೆಗೆ ಓಣಿಯವರು ಅವನನ್ನು ಮಲಗಿದ್ದ ಹೊರಸಿನ ಸಮೇತ ಹೊತ್ತು ದಂಡೆಗೆ ತಂದರು. ಮರೆವ್ವ ಗಡಗಡಿ ತೋರಿಸಿದಳು, ಹಾಯಿ ತೋರಿಸಿದಳು. ಅವನ ಕಣ್ಣು ಮಾತ್ರ ಸಂದುಗಳ ಮೇಲೆ.

"ನೀರು," ಎಂದ.

ಚರಿಗೆ ಕೊಟ್ಟಳು. ಅವನು ಕುಡಿಯಲಿಲ್ಲ. ಎಡಗೈ ಚಾಚಿ ನೀರನ್ನು ದೋಣಿಯ ಹಲಗೆಯ ಮೇಲೆ ಸುರಿದ. ಒಣ ಹಲಗೆ ಅದನ್ನು ಸರ್ರನೆ ಹೀರಿತು.

"ಕು...ಡ್ಸು."

ಮರೆವ್ವನಿಗೆ ಆಗ ಹೊಳೆಯಿತು. ಪ್ರತಿ ವರ್ಷ ಹೊಳೆ ಬಂದ ದಿನ ಗಂಡ ದೋಣಿಯನ್ನು ದಂಡೆಯ ಬದಿಗೇ ಮುಳುಗಿಸಿ ಬರುತ್ತಿದ್ದ. "ದೋಣಿಗೆ ನೀರ ಕುಡ್ಸಾಕ ಇಟ್ಟೇನಿ, ರೊಟ್ಟಿ ಹಾಕು" ಅನ್ನುತ್ತಿದ್ದ. ಇವಳು ರೊಟ್ಟಿ ಹಾಕುತ್ತಿದ್ದಳೇ ಹೊರತು ಯಾಕೆಂದು ಕೇಳಿದವಳಲ್ಲ. ಮೂರು ದಿನ ನೀರು ಕುಡಿದು ಹಲಗೆ ಉಬ್ಬಿದ ಮೇಲೆ, ಆಗಲೂ ಮುಚ್ಚದೆ ಉಳಿದ ಸಂದಿಗಷ್ಟೇ ಅವನು ಹತ್ತಿ ಹಾಕುತ್ತಿದ್ದ. ಇವಳು ಒಣ ದೋಣಿಗೆ ಕುತ್ತಿಗೆಯವರೆಗೆ ಹತ್ತಿ ತುರುಕಿದ್ದಳು. ನೀರಿಗಿಳಿದ ಮೇಲೆ ಆ ಹಲಗೆಗಳಿಗೆ ಉಬ್ಬಲು ಜಾಗವಾದರೂ ಎಲ್ಲಿ?

"ನೂಕ್ರಿ! ನೀರಿಗೆ ನೂಕಿ ಮುಳುಗಿಸ್ರಿ!" ಎಂದು ಕೂಗಿದಳು.

ಮೊಣಕಾಲುದ್ದ ನೀರಿಗೆ ನೂಕಿಸಿ, ತಾನೇ ಕೊಡದಿಂದ ನೀರು ತುಂಬಿ, ಮೇಲೆ ಕಲ್ಲು ಹೇರಿ, ಒಂದು ತಿಂಗಳ ದುಡಿಮೆಯನ್ನು ಊರೆದುರು ಮುಳುಗಿಸಿದಳು.

ಸೋಮವಾರ ಬೆಳಿಗ್ಗೆ ಗಂಟುಮೂಟೆಯೊಡನೆ ಹತ್ತೂ ಮಂದಿ ಬಂದರು. ಈರಪ್ಪ ಕೆಂಡವಾದ. "ಹುಚ್ಚ ಹಿಡದೈತೇನ ನಿನಗ? ದಾಟೂ ಹೊತ್ತಿಗೆ ಮುಳುಗಿಸಿ ಕುಂತಿಯಲ್ಲ! ಸಾಕಿನ್ನ, ಆಚಿ ದಂಡಿಗೆ ಹೇಳಿ ಕಳಸ್ತೇನಿ."

ಮರೆವ್ವ ಕೈಮುಗಿದು ನಿಂತಳು.

ಆಗ ನೀರಿನೊಳಗೆ ಟಪ್ಪೆಂದಿತು. ಡಾಂಬರು ಮೆತ್ತಿದ ಹತ್ತಿಯ ಎಳೆಯೊಂದು ಸಂದಿನಿಂದ ಕಿತ್ತು ಮೇಲೆ ಬಂತು. ಹಿಂದೆಯೇ ಇನ್ನೊಂದು. ಆಮೇಲೆ ಲಟಕ್ಕನೆ ಆ ಜಾಲಿ ಹಲಗೆಯ ಒಂದು ತುದಿ ಮೊಳೆ ಸಮೇತ ಎದ್ದು ನಿಂತಿತು. ಅಲ್ಲಿ ಅಂಗೈ ತೂರುವಷ್ಟು ಬಾಯಿ.

ಈರಪ್ಪ ಆ ಬಾಯಿಯನ್ನು ನೋಡಿದ. ತಿರುಗಿ ಮಗಳ ಕಂಕುಳಲ್ಲಿದ್ದ ಕೂಸನ್ನು ನೋಡಿದ. ಅದರ ತಲೆಯ ಮೇಲೆ ಕೈಯಿಟ್ಟ.

"ಎಂಟ ದಿನಾ ತಗೋ, ಮರೆವ್ವ," ಎಂದ ಕೊನೆಗೆ. "ಸಾವಕಾಶ ಮಾಡು. ನಮಗೇನ ಗಡಿಬಿಡಿ ಇಲ್ಲ."

ಅವಳು ಮನೆಗೆ ಬಂದು ಹೊರಸಿನ ಬುಡದಲ್ಲಿ ಕುಸಿದು ಕೂತಳು.

"ನೀ...ರು," ಎಂದ ಅಂದಪ್ಪ.

ಚರಿಗೆಗೆ ಚಾಚಿದ ಕೈಯನ್ನು ತಡೆದು ಅವಳು ಗಂಡನ ಮುಖ ನೋಡಿದಳು. "ಯಾರಿಗ್ರಿ? ನಿಮಗೋ, ದೋಣಿಗೋ?"

ಅರ್ಧ ಬಾಯಿಯಲ್ಲೇ ನಕ್ಕು, ಅವನು ಎಡಗೈಯಿಂದ ತನ್ನ ಎದೆ ಮುಟ್ಟಿ ತೋರಿಸಿದ.