ಗಂಟೆ ಬಾರಿಸದ ಪೂಜೆ

ಬೊಮ್ಮಸಂದ್ರದ ರಸ್ತೆಯಲ್ಲಿ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಟರ್ಕಿ ಕೋಳಿಯನ್ನು ಮನೆಗೆ ತಂದು ಸಾಕಿದೆ. ಪೂಜೆಯ ಗಂಟೆ ಕೇಳಿದರೆ ಸಾಕು, ನೈವೇದ್ಯದ ಅನ್ನ ಬೇಕೆಂದು ಗುಳಗುಳನೆ ಕೂಗುತ್ತಿತ್ತು. ಹೊಟ್ಟೆ ತುಂಬ ಹಾಕುತ್ತಿದ್ದೆ. ಕಾಲು ಮಾತ್ರ ಕೂಡಲಿಲ್ಲ.

ದನದ ಡಾಕ್ಟರು ಬಂದು ಎತ್ತಿ ನೋಡಿದರು. "ಏನ್ ಯಜಮಾನ್ರೇ, ಹಿಂಗೆ ಕೊಬ್ಬಿಸಿದ್ದೀರಾ! ಯಾವ ಹಬ್ಬಕ್ಕೆ ಕುಯ್ತೀರಾ?"

"ಶಿವ ಶಿವಾ! ನಾವು ತಿನ್ನೋರಲ್ಲ ಸಾರ್. ಉಳಿಸೋಕೆ ತಂದಿದ್ದು."

"ಇದು ಮಾಂಸಕ್ಕೇ ಅಂತ ಮಾಡಿರೋ ತಳಿ. ತಿಂದಷ್ಟೂ ಭಾರ. ಆ ಭಾರಕ್ಕೇ ಕಾಲು ಕೂಡ್ತಿಲ್ಲ. ಇನ್ನು ಏಳಲ್ಲ. ನಾಲ್ಕು ದಿನ ಬದುಕ್ಲಿ ಅಂದ್ರೆ ಅನ್ನ ನಿಲ್ಸಿ."

ಅದರ ಹಸಿದ ಕೂಗು ಕೇಳಿಕೊಂಡು ನನಗೆ ತುತ್ತು ಇಳಿಯುವುದಿಲ್ಲ. ಅದಕ್ಕೇ ಈಗ ಗಂಟೆ ಬಾರಿಸದೆ ಪೂಜೆ ಮಾಡುತ್ತೇನೆ. ಊಟ ಬಂದಿದೆ ಎಂದು ದೇವರಿಗಾದರೂ ತಿಳಿಯುತ್ತಿದೆಯೋ ಇಲ್ಲವೋ.